‘ಗಾಮಾ ಸ್ಫೋಟ’ ಅಂತ ಬರೆಯುವುದು ಸರೀನಾ?

ಎಲ್ಲರಿಗೂ ನಮಸ್ಕಾರ. ಗಾಮಾ ಕಿರಣಗಳ (ಎಕ್ಸ್‌ರೇಗಿಂತಲೂ ಶಕ್ತಿ ಜಾಸ್ತಿ ಇರುವ, ಕಣ್ಣಿಗೆ ಕಾಣದ ಬೆಳಕು) ಮೂಲಕ ಆಕಾಶ ನೋಡುವ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದ ನನ್ನನ್ನು ನಿಲ್ಲಿಸಿಬಿಟ್ಟಿದೆ. ಆಕಾಶದ ಯಾವುದೋ ಒಂದು ಕಡೆಯಿಂದ ಸ್ವಲ್ಪ ಹೊತ್ತು ಮಾತ್ರ ಒಮ್ಮೆಲೇ ಜೋರಾಗಿ ಗಾಮಾ ಕಿರಣ ಬರುವುದಕ್ಕೆ ಇಂಗ್ಲಿಷಿನಲ್ಲಿ ‘ಗಾಮಾ ರೇ ಬರ್ಸ್ಟ್’ ಅನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನು ಹೇಳೋಣ?

‘ಗಾಮಾ ಕಿರಣ ಸ್ಫೋಟ’ ಅಂತ ಬರೆಯುವ ರೂಢಿ ಇದೆ. ನಾನೂ ಮೊದಲು ಹಾಗೇ ಬರೆದೆ. ಮುಂದಿನ ಸಾಲಿಗೆ ಬಂದಾಗ ಸಿಕ್ಕಿಹಾಕಿಕೊಂಡೆ. ‘ದೊಡ್ಡ ನಕ್ಷತ್ರ ಸ್ಫೋಟಿಸಿದಾಗ ಗಾಮಾ ಸ್ಫೋಟ ಆಗಬಹುದು’ ಅಂದರೆ ಓದುವ ಮಗುವಿಗೆ ಎರಡೂ ಒಂದೇ ಅನಿಸುತ್ತದೆ, ಅಲ್ವಾ? ಆದರೆ ಎರಡೂ ಬೇರೆ. ನಕ್ಷತ್ರದ ನಡುಭಾಗ ಕುಸಿದು ಕಪ್ಪುಕುಳಿ ಆಗುವಾಗ, ಎರಡು ತೆಳು ಧಾರೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ, ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲೇ ನುಗ್ಗಿಕೊಂಡು ಹೊರಗೆ ಬರುತ್ತವೆ. ಆ ಧಾರೆ ನಮ್ಮ ಕಡೆ ಮುಖ ಮಾಡಿದ್ದರೆ ನಮಗೆ ಬರ್ಸ್ಟ್ ಕಾಣುತ್ತದೆ. ಬೇರೆ ಕಡೆ ತಿರುಗಿದ್ದರೆ ನಕ್ಷತ್ರ ಸಿಡಿದದ್ದು ಕಂಡರೂ ಬರ್ಸ್ಟ್ ಕಾಣುವುದಿಲ್ಲ. ಸ್ಫೋಟ ಅಂದಾಗ ನಮ್ಮ ಮನಸ್ಸಿಗೆ ಬರುವುದು ಸುತ್ತಲೂ ಚೆದುರುವ ಚಿತ್ರ. ಇಲ್ಲಿ ಆ ಚಿತ್ರವೇ ತಪ್ಪು.

ಇನ್ನೊಂದು ತೊಡಕು ಇದೆ. ಎರಡು ಸೆಕೆಂಡಿಗಿಂತ ಕಡಿಮೆ ಹೊತ್ತು ಇರುವ ಬರ್ಸ್ಟ್‌ಗಳಲ್ಲಿ ಹೆಚ್ಚಿನವು ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಕುಸಿದು ದಟ್ಟವಾದ ನಡುಭಾಗ) ಡಿಕ್ಕಿಯಾಗಿ ಒಂದಾಗುವಾಗ ಹುಟ್ಟುತ್ತವೆ ಎಂದು ಈಗ ತಿಳಿದಿದೆ. 2017ರ ಆಗಸ್ಟ್ 17ರಂದು ಅಂಥ ಡಿಕ್ಕಿಯ ಗುರುತ್ವ ಅಲೆ (ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆ) ಮೊದಲು ಸಿಕ್ಕಿತು. ಸುಮಾರು 1.7 ಸೆಕೆಂಡ್ ಆದಮೇಲೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣ ಕಂಡಿತು. ಅಲ್ಲಿ ಆದದ್ದು ಡಿಕ್ಕಿ, ನಮಗೆ ಕಂಡದ್ದು ಬರ್ಸ್ಟ್.

ಇವು ಮೊದಲು ಸಿಕ್ಕ ಬಗೆಯೂ ನೆನಪಾಗುತ್ತದೆ. ಅಮೆರಿಕದ ವೇಲಾ ಉಪಗ್ರಹಗಳನ್ನು ಹಾರಿಸಿದ್ದು ಯಾರಾದರೂ ಕದ್ದು ಅಣುಬಾಂಬ್ ಪರೀಕ್ಷೆ ಮಾಡುತ್ತಾರಾ ಅಂತ ಕಾಯಲು. ಹುಡುಕುತ್ತಿದ್ದದ್ದೇ ಸ್ಫೋಟ. 1967ರ ಜುಲೈ 2ರಂದು ದಾಖಲಾದದ್ದು ಮಾತ್ರ ಬಾಂಬಿನ ಥರ ಇರಲಿಲ್ಲ: ಒಂದು ಚೂಪಾದ ಏರು, ಆಮೇಲೆ ಅಗಲವಾದ ಇನ್ನೊಂದು, ಕೆಲವೇ ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. 1973ರಲ್ಲಿ ಅಮೆರಿಕದ ವಿಜ್ಞಾನಿ ಕ್ಲೆಬೆಸಡೆಲ್ ಮತ್ತು ಜೊತೆಗಾರರು ಇಂಥ 16 ಘಟನೆಗಳನ್ನು ಪ್ರಕಟಿಸಿದಾಗ ‘ಬರ್ಸ್ಟ್’ ಅಂತ ಕರೆದರು. ಏನು ಸಿಡಿಯಿತು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಕಂಡದ್ದಕ್ಕೆ ಮಾತ್ರ ಹೆಸರಿಟ್ಟರು. ನಮ್ಮ ಪದವೂ ಕಂಡದ್ದನ್ನೇ ಹೇಳಬೇಕು ಅಂತ ನನ್ನ ಆಸೆ.

‘ಗಾಮಾ ಮಿಂಚು’ ಅಂತ ಯೋಚಿಸಿದೆ. ಕೇಳಲು ಚೆನ್ನಾಗಿದೆ, ಆದರೆ ಗುಡುಗು ಮಿಂಚಿನ ಮೋಡಗಳಿಂದಲೂ ನಿಜವಾಗಿ ಗಾಮಾ ಕಿರಣ ಹೊರಡುತ್ತದೆ, ಅದನ್ನು ಉಪಗ್ರಹಗಳೇ ನೋಡಿವೆ. ಮಿಂಚನ್ನು ಅದಕ್ಕೇ ಬಿಡೋಣ. ‘ಭುಗಿಲು’ ನನಗೆ ಬಹಳ ಇಷ್ಟ. ಆದರೆ ಮೊದಲೇ ಉರಿಯುತ್ತಿದ್ದ ಬೆಂಕಿ ಒಮ್ಮೆಲೇ ಜಾಸ್ತಿಯಾದರೆ ಭುಗಿಲೆದ್ದಿತು ಅನ್ನುತ್ತೇವೆ. ಏಡಿ ನೆಬ್ಯುಲಾ (ಸಿಡಿದ ನಕ್ಷತ್ರವೊಂದರ ಉಳಿಕೆ) ಯಾವಾಗಲೂ ಗಾಮಾ ಕಿರಣ ಸೂಸುತ್ತಲೇ ಇರುತ್ತದೆ, 2011ರ ಏಪ್ರಿಲ್‌ನಲ್ಲಿ ಕೆಲವು ದಿನ ಇದ್ದಕ್ಕಿದ್ದಂತೆ ಜೋರಾಯಿತು. ಭುಗಿಲು ಅಂದರೆ ಅದು, ಇಂಗ್ಲಿಷಿನ ‘ಫ್ಲೇರ್’. ಬರ್ಸ್ಟ್ ಹಾಗಲ್ಲ. ಏನೂ ಕಾಣದಿದ್ದ ಕಡೆ ಒಂದು ಸಲ ಬಂದು ಹೋಗುತ್ತದೆ, ಅದೇ ಮೂಲದಿಂದ ಮತ್ತೆ ಬರುವುದಿಲ್ಲ.

ಈಗ ನನ್ನ ಮನಸ್ಸು ‘ಚಿಮ್ಮು’ ಕಡೆ ವಾಲಿದೆ. ನೀರು ಚಿಮ್ಮುತ್ತದೆ, ರಕ್ತ ಚಿಮ್ಮುತ್ತದೆ. ಸಣ್ಣ ಬಾಯಿಂದ, ಒಂದು ದಿಕ್ಕಿಗೆ, ಜೋರಾಗಿ. ಎದುರಿಗೆ ನಿಂತವನ ಮೈ ಮಾತ್ರ ಒದ್ದೆ. ಬರ್ಸ್ಟ್‌ನ ಗುಟ್ಟೂ ಇದೇ. ‘ಗಾಮಾ ಚಿಮ್ಮು’ ಅಂದರೆ ಧಾರೆಯ ಚಿತ್ರ ತಾನಾಗಿಯೇ ಬರುತ್ತದೆ. ಆದರೆ ‘ಚಿಮ್ಮು’ ಹೆಸರುಪದವಾಗಿ ನಿಲ್ಲುತ್ತದಾ? ‘ಚಿಮ್ಮಿಕೆ’ ಮೇಲೇನಾ, ‘ಚಿಮ್ಮುಗೆ’ನಾ? ‘ನಿನ್ನೆ ಒಂದು ಗಾಮಾ ಚಿಮ್ಮು ಕಂಡಿತು’ ಅಂತ ಜೋರಾಗಿ ಓದಿ ನೋಡಿದೆ, ನನ್ನ ಕಿವಿಗೆ ಒಪ್ಪಿತು. ನಿಮಗೆ?

ಜೊತೆಗೆ ಒಂದು ಚಿಕ್ಕ ಪ್ರಶ್ನೆ. ಶಕ್ತಿ ತುಂಬಾ ಜಾಸ್ತಿ ಇರುವ ಗಾಮಾ ಕಿರಣ ವಾತಾವರಣಕ್ಕೆ ಬಡಿದರೆ ಎಲೆಕ್ಟ್ರಾನ್ ಮತ್ತು ಅದರ ಧನ ಆವೇಶದ ಜೋಡಿ ಪಾಸಿಟ್ರಾನ್ ಹುಟ್ಟಿ, ಅವುಗಳಿಂದ ಮತ್ತೆ ಗಾಮಾ, ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಇಳಿಯುತ್ತವೆ. ಈ ಕಣಗಳು ಗಾಳಿಯಲ್ಲಿ ಬೆಳಕಿಗಿಂತ ವೇಗವಾಗಿ ಹೋಗುವಾಗ ಹೊರಡುವ ನೀಲಿ ಚೆರೆಂಕೋವ್ ಬೆಳಕು ಕೆಲವೇ ನ್ಯಾನೊಸೆಕೆಂಡ್ ಇರುತ್ತದೆ. ನಮೀಬಿಯಾದ ಹೆಸ್, ಲಡಾಖ್‌ನ ಹಾನ್ಲೆಯ ಮೇಸ್ ದೂರದರ್ಶಕಗಳು ಹಿಡಿಯುವುದು ಅದನ್ನೇ. ಆ ಬೆಳಕಿಗೆ ‘ಸೆಳಕು’ ಅಂತ ಇಟ್ಟಿದ್ದೇನೆ, ಅದರಲ್ಲಿ ಅನುಮಾನ ಇಲ್ಲ. ಹೀಗೆ ಕವಲೊಡೆಯುತ್ತಾ ಇಳಿಯುವ ಕಣಗಳ ಗುಂಪಿಗೆ, ಇಂಗ್ಲಿಷಿನ ‘ಶವರ್’ಗೆ, ಮಾತ್ರ ‘ಕಣಮಳೆ’ ಅನ್ನಲು ಮನಸ್ಸು ಒಪ್ಪುತ್ತಿಲ್ಲ, ಮಳೆ ಕವಲೊಡೆಯುವುದಿಲ್ಲವಲ್ಲ. ‘ಕಣಗವಲು’ ಅಂದರೆ ಅರ್ಥ ಆಗುತ್ತದಾ, ಅಥವಾ ಮಳೆಯೇ ಸಾಕಾ? ಮಕ್ಕಳಿಗೆ ಪಾಠ ಹೇಳುವವರು ಯಾರಾದರೂ ತರಗತಿಯಲ್ಲಿ ಎರಡನ್ನೂ ಹೇಳಿ ನೋಡಿ, ಯಾವುದಕ್ಕೆ ಮಕ್ಕಳು ಸರಿಯಾದ ಚಿತ್ರ ಬಿಡಿಸುತ್ತಾರೆ ಅಂತ ತಿಳಿಸಿದರೆ ನನಗೆ ತುಂಬಾ ಸಹಾಯ ಆಗುತ್ತದೆ.