ಬಿಡಾಡಿ, ಪರಾರಿ, ಗುಳೆ: ‘ಮರೂನ್’ ಜನರನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದೇ ಪದಕ್ಕೆ ಗಂಟುಬಿದ್ದಿದ್ದೇನೆ, ಬಲ್ಲವರು ಬಿಡಿಸಬೇಕು. ಜಮೈಕಾದ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡು ಗುಡ್ಡ ಸೇರಿ, ಅಲ್ಲೇ ಊರು ಕಟ್ಟಿಕೊಂಡು, ಬ್ರಿಟಿಷ್ ಪಡೆಗಳನ್ನು ವರ್ಷಗಟ್ಟಲೆ ಸತಾಯಿಸಿದ ಆಫ್ರಿಕನ್ನರ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷಿನಲ್ಲಿ ಅವರ ಹೆಸರು ‘ಮರೂನ್’. ಮೊದಲ ಕರಡಿನಲ್ಲಿ ‘ಮರೂನರು’ ಎಂದೇ ಬರೆದು ಮುಂದೆ ಹೋಗಿದ್ದೆ. ಓದಿ ನೋಡಿದ ತಂಗಿ, “ಇವರೆಲ್ಲ ಒಂದೇ ಬಣ್ಣದ ಬಟ್ಟೆ ಹಾಕ್ತಿದ್ರಾ?” ಅಂದಳು. ಅವಳ ತಲೆಯಲ್ಲಿ ಇದ್ದದ್ದು ಸೀರೆಯಂಗಡಿಯ ಮರೂನ್. ತಪ್ಪು ಅವಳದಲ್ಲ.

ಬಣ್ಣಕ್ಕೂ ಈ ಜನಕ್ಕೂ ನಂಟಿಲ್ಲ. ಬಣ್ಣದ ಮರೂನ್ ಬಂದದ್ದು ಚೆಸ್ಟ್‌ನಟ್ ಕಾಯಿಗೆ ಫ್ರೆಂಚರು ಹೇಳುವ ‘ಮರೋಂ’ ಪದದಿಂದ. ಜನದ ಮರೂನ್ ಬಂದದ್ದು ಸ್ಪ್ಯಾನಿಷಿನ ‘ಸಿಮರ್ರೋನ್’ ಫ್ರೆಂಚರ ಬಾಯಲ್ಲಿ ಸವೆದು. 16ನೇ ಶತಮಾನದ ಆರಂಭದಲ್ಲಿ ಹಿಸ್ಪಾನಿಯೋಲಾ ದ್ವೀಪದ ಸ್ಪೇನಿನವರು ಇದನ್ನು ಮೊದಲು ಬಳಸಿದ್ದು ಮನುಷ್ಯರಿಗಲ್ಲ, ದನಗಳಿಗೆ. ಹಡಗಿನಲ್ಲಿ ತಂದಿಳಿಸಿದ ದನ ಹಟ್ಟಿ ಬಿಟ್ಟು ಬೆಟ್ಟ ಹತ್ತಿ, ಯಾರ ಕೈಗೂ ಸಿಗದೆ ಕಾಡುಪಾಲಾದರೆ ಅದು ಸಿಮರ್ರೋನ್. ಆಮೇಲೆ ಗಣಿಯ ದುಡಿಮೆ ತಾಳಲಾರದೆ ಗುಡ್ಡಕ್ಕೆ ಓಡಿದ ಅಲ್ಲಿಯ ಮೂಲನಿವಾಸಿಗಳಿಗೂ ಅದೇ ಪದ ಅಂಟಿತು, ಅವರ ಬೆನ್ನಿಗೇ ಆಫ್ರಿಕಾದಿಂದ ಹಿಡಿದು ತಂದವರಿಗೂ. ಕಳೆದುಹೋದ ದನವನ್ನೂ ಓಡಿಹೋದ ಮನುಷ್ಯನನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದವರು ಇಟ್ಟ ಹೆಸರು ಇದು. ಫ್ಲಾರಿಡಾದ ‘ಸೆಮಿನೋಲ್’ ಜನರ ಹೆಸರೂ ಇದೇ ಸಿಮರ್ರೋನ್. ಅವರ ಮಸ್ಕೋಗಿ ಭಾಷೆಯಲ್ಲಿ ರಕಾರ ಇಲ್ಲದ್ದರಿಂದ ಲಕಾರವಾಗಿದೆ. ಇನ್ನೊಂದು ತಮಾಷೆ: ನಾವಿಕನೊಬ್ಬನನ್ನು ನಿರ್ಜನ ದ್ವೀಪದಲ್ಲಿ ಇಳಿಸಿ ಹಡಗು ಹೊರಟುಹೋದರೆ ಅವನು ‘ಮರೂನ್’ ಆದ ಎನ್ನುತ್ತದೆ ಇಂಗ್ಲಿಷ್. ಬಿಟ್ಟುಹೋದವನ ಪದ ಬಿಟ್ಟುಹೋಗಿಸಿಕೊಂಡವನ ಪಾಲಾಯಿತು.

ಇನ್ನು ಕನ್ನಡ. ‘ಓಡಿಹೋದವರು’ ಎಂದು ಬರೆದೆ. ನಮ್ಮಲ್ಲಿ ‘ಓಡಿಹೋದರು’ ಅಂದರೆ ಕೇಳಿದವರ ಮೊದಲ ಪ್ರಶ್ನೆ “ಯಾರ ಜೊತೆ?” ಎಂದು. ‘ಪರಾರಿಯಾದವರು’, ‘ತಲೆಮರೆಸಿಕೊಂಡವರು’ ಎರಡಕ್ಕೂ ಪೊಲೀಸ್ ಠಾಣೆಯ ವಾಸನೆ. ಅಲ್ಲಿ ಓಡಿದವನೇ ಅಪರಾಧಿ. ಫ್ರೆಂಚರ ಕಾನೂನು ನೋಡಿದ್ದೂ ಹಾಗೆಯೇ ಅನ್ನಿ. 1685ರ ‘ಕರಿಯರ ಸಂಹಿತೆ’ಯ ಪ್ರಕಾರ ಒಂದು ತಿಂಗಳು ತಪ್ಪಿಸಿಕೊಂಡವನಿಗೆ ಎರಡೂ ಕಿವಿ ಕತ್ತರಿಸಿ ಭುಜಕ್ಕೆ ಬರೆ, ಎರಡನೇ ಸಲ ಮಂಡಿಯ ಹಿಂದಿನ ನರಕ್ಕೆ ಕತ್ತಿ, ಮೂರನೇ ಸಲ ಸಾವು. ಅಂಥ ಕಾನೂನಿನ ಕಣ್ಣನ್ನು ಅನುವಾದದೊಳಗೆ ನಾನೇ ಯಾಕೆ ಕೂರಿಸಲಿ?

‘ಬಂಡುಕೋರರು’ ಎಂದರಾಗದೇ ಎಂದು ಗೆಳೆಯರೊಬ್ಬರು ಕೇಳಿದರು. ಕೇಳಲು ಚೆನ್ನಾಗಿದೆ, ಆದರೆ ಚರಿತ್ರೆ ಒಪ್ಪುವುದಿಲ್ಲ. 1739ರಲ್ಲಿ ಪಶ್ಚಿಮ ಜಮೈಕಾದ ಮರೂನ್ ನಾಯಕ ಕುಡ್ಜೋ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡ. ತನ್ನ ಜನಕ್ಕೆ ಸ್ವಾತಂತ್ರ್ಯ, 1,500 ಎಕರೆ ಭೂಮಿ ಸಿಕ್ಕಿತು. ಬದಲಿಗೆ ಮುಂದೆ ತೋಟಗಳಿಂದ ಓಡಿಬರುವವರನ್ನು ಹಿಡಿದು ಒಪ್ಪಿಸಬೇಕು, ದಂಗೆಯಾದರೆ ಸರ್ಕಾರದ ಕಡೆ ನಿಲ್ಲಬೇಕು ಎಂಬ ಕಟ್ಟು. 1760ರಲ್ಲಿ ಟ್ಯಾಕಿ ಎಂಬವನ ಮುಂದಾಳತ್ವದಲ್ಲಿ ಗುಲಾಮರು ದಂಗೆಯೆದ್ದಾಗ ಅವನನ್ನು ಗುಂಡಿಟ್ಟು ಕೊಂದದ್ದು ಒಬ್ಬ ಮರೂನನೇ. ‘ಬಂಡುಕೋರನು ಬಂಡುಕೋರನನ್ನು ಕೊಂದನು’ ಎಂದು ಬರೆದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ.

‘ಕಾಡುಜನ’, ‘ಕಾಡಿನವರು’ ಇನ್ನೂ ಕೆಟ್ಟದ್ದು. ಕನ್ನಡದಲ್ಲಿ ‘ಕಾಡು’ ಮುಂದೆ ಸೇರಿದರೆ ಹುಟ್ಟಿನಿಂದಲೇ ಕಾಡಿನದು ಎಂದರ್ಥ. ಕಾಡುಕೋಣ ಬೇರೆ ಪ್ರಾಣಿ; ನಮ್ಮ ಮನೆಯ ಕೋಣ ಕಾಡು ಸೇರಿತೆಂದ ಮಾತ್ರಕ್ಕೆ ಅದು ಕಾಡುಕೋಣ ಆಗುವುದಿಲ್ಲ. ಈ ಜನ ಊರಲ್ಲಿದ್ದವರು, ತೋಟದಲ್ಲಿ ದುಡಿದವರು, ಕಾಡನ್ನು ಆರಿಸಿಕೊಂಡವರು. ಆ ಆರಿಸಿಕೊಂಡದ್ದು ಪದದಲ್ಲಿ ಕಾಣಬೇಕು.

ಇಲ್ಲಿಗೆ ಬಂದಾಗ ನನಗೆ ನೆನಪಾದದ್ದು ನಮ್ಮನೆಯ ಕೌಲಿ ಆಕಳು. ಯಲ್ಲಾಪುರದ ಹತ್ತಿರದ ನಮ್ಮ ಊರಲ್ಲಿ ಮೇಯಲು ಬಿಟ್ಟ ದನ ಕೆಲವೊಮ್ಮೆ ಬೆಟ್ಟದಿಂದ ಮರಳುವುದಿಲ್ಲ. ಇದು ಒಂದು ಮಳೆಗಾಲ ಪೂರ್ತಿ ಕಾಣೆಯಾಗಿ, ದೀಪಾವಳಿ ಹೊತ್ತಿಗೆ ಬೇಲಿಯಾಚೆ ಬಂದು ನಿಂತಿತು. ಮೈ ತುಂಬಿತ್ತು, ರೋಮ ಹೊಳೆಯುತ್ತಿತ್ತು. ಅಕ್ಕಚ್ಚಿನ ಬಕೆಟ್ಟು ತೋರಿಸಿ ಕರೆದರೆ ಕಿವಿ ನಿಮಿರಿಸಿ ನೋಡಿತೇ ಹೊರತು ಹೆಜ್ಜೆ ಮುಂದಿಡಲಿಲ್ಲ. ಅಜ್ಜಿ ಹಗ್ಗ ಹಿಡಿದು ಹೋದದ್ದೇ ತಡ, ಬಾಲ ಎತ್ತಿ ಓಟ. ಕೊನೆಗೆ ಹಿಡಿದಾಗ ಕೊರಳಿಗೆ ಮೊಣಕಾಲು ತಾಗುವಷ್ಟು ಉದ್ದದ ಮರದ ಕೊರಡು ಕಟ್ಟಿದರು, ಓಡಿದರೆ ಬಡಿಯಲಿ ಎಂದು. ಕೆರಿಬಿಯನ್ ತೋಟಗಳಲ್ಲಿ ಹಿಡಿದು ತಂದವರ ಕೊರಳಿಗೆ ಹಾಕುತ್ತಿದ್ದ ಕಬ್ಬಿಣದ ಬಳೆಗೆ ಉದ್ದುದ್ದ ಮುಳ್ಳುಗಳಿರುತ್ತಿದ್ದವು. ಪೊದೆಯಲ್ಲಿ ನುಗ್ಗಿದರೆ ಸಿಕ್ಕಿಹಾಕಿಕೊಳ್ಳಬೇಕು, ಮಲಗಲೂ ಆಗಬಾರದು. ಅದರ ಚಿತ್ರ ನೋಡಿದಾಗ ನನಗೆ ಕಂಡದ್ದು ಆ ಕೊರಡೇ.

ಅಂಥ ದನಕ್ಕೆ ನಮ್ಮಲ್ಲಿ ಪದ ಇದ್ದೇ ಇದೆ: ಬೀಡಾಡಿ. ಈಗ ಪೇಟೆಯಲ್ಲಿ ರಸ್ತೆಗೆ ಅಡ್ಡ ಮಲಗುವ, ಪುರಸಭೆಯವರು ದೊಡ್ಡಿಗೆ ಹೊಡೆಯುವ ದನ ಅಷ್ಟೇ ಇದರ ಅರ್ಥವಾಗಿ ಉಳಿದಿದೆ. ಮನುಷ್ಯರಿಗೆ ಹೇಳಿದರೆ ಬೈಗುಳ. ಆದರೆ ಹಳೆಯ ರೂಪ ‘ಬಿಡಾಡಿ’ ಬೈಗುಳವಾಗಿರಲಿಲ್ಲ. 12ನೇ ಶತಮಾನದ ವಚನಕಾರ್ತಿ ಬೊಂತಾದೇವಿಯ ಅಂಕಿತವೇ ‘ಬಿಡಾಡಿ’. ಯಾವ ಕಟ್ಟಿಗೂ ಸಿಗದೆ ಸುಳಿಯುವವನು, ಅವಳಿಗೆ ಅವನೇ ದೇವರು. ‘ಬಿಡು’ ಮತ್ತು ‘ಆಡಿ’ ಕೂಡಿದ್ದು ಇದು, ‘ಬೀಡು’ ಅಲ್ಲ ಎಂದು ನನ್ನ ಎಣಿಕೆ. ‘ಬೀಡಾಡಿ’ ಎಂದು ದೀರ್ಘವಾದದ್ದು ಯಾವಾಗಿನಿಂದ? ಬಲ್ಲವರು ತಿಳಿಸಿದರೆ ಉಪಕಾರ.

ಸಿಮರ್ರೋನ್ ಕೂಡ ಇದೇ ದಾರಿಯಲ್ಲಿ ಬಂದ ಪದ, ತಿರುಗುಮುರುಗಾಗಿ. ದನದಿಂದ ಮನುಷ್ಯನಿಗೆ ಬೈಗುಳವಾಗಿ ಬಂತು. ಇವತ್ತು ಜಮೈಕಾದ ಆಕ್ಕೊಂಪಾಂಗ್ ಊರಿನವರು ‘ನಾವು ಮರೂನರು’ ಎಂದು ಎದೆತಟ್ಟಿ ಹೇಳಿಕೊಳ್ಳುತ್ತಾರೆ, ಪ್ರತಿ ಜನವರಿ 6ಕ್ಕೆ ಹಬ್ಬ ಮಾಡುತ್ತಾರೆ. ಪೂರ್ವದ ಗುಡ್ಡಗಳ ಮುಂದಾಳು ನ್ಯಾನಿಯ ಮುಖ ಆ ದೇಶದ 500 ಡಾಲರ್ ನೋಟಿನ ಮೇಲಿದೆ. ಬೈಗುಳವನ್ನು ಹೀಗೆ ಹೆಸರಾಗಿಸಿಕೊಳ್ಳುವ ಹಕ್ಕು ಬೈಸಿಕೊಂಡವರದು. ದೂರದ ಅನುವಾದಕ ಅದನ್ನು ಅವರ ಪರವಾಗಿ ಮಾಡಬಹುದೇ? ನನ್ನ ಅಳುಕು ಅಲ್ಲಿದೆ.

‘ಗುಳೆ’ ಎಂಬುದನ್ನೂ ತೂಗಿ ನೋಡಿದೆ. ಉತ್ತರ ಕರ್ನಾಟಕದಲ್ಲಿ ಈಗ ಗುಳೆ ಹೋಗುವುದೆಂದರೆ ಬೇಸಿಗೆಗೆ ಕೂಲಿ ಹುಡುಕಿ ಬೆಂಗಳೂರಿಗೋ ಗೋವೆಗೋ ಹೋಗುವುದು. ಬರ, ದಂಡು, ಕಂದಾಯದ ಕಾಟಕ್ಕೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಏಳುವ ಅರ್ಥವೂ ಅದಕ್ಕುಂಟು. ದಖನ್ನಿನ ರೈತನ ಕೈಯಲ್ಲಿದ್ದ ದೊಡ್ಡ ಅಸ್ತ್ರ ಅದೇ: ನೆಲ ಬೀಳುಬಿಟ್ಟು ಹೊರಟುಬಿಡುವುದು. ಆಳುವವರು ಆಗ ‘ಕೌಲು’ ಕೊಟ್ಟು, ಅಂದರೆ ಇಷ್ಟು ವರ್ಷ ಇಷ್ಟೇ ಕಂದಾಯ ಎಂದು ಬರೆದುಕೊಟ್ಟು, ಕರೆಸಿಕೊಳ್ಳುತ್ತಿದ್ದರು. ಆದರೆ ಗುಳೆ ಎದ್ದವನಿಗೆ ಹಿಂದೆ ಒಂದು ಮನೆ, ಹೊಲ ಇತ್ತು. ತೋಟದ ಗುಲಾಮನಿಗೆ ಏನಿತ್ತು?

ಹೀಗೆ ಕೌಲು ನೆನಪಾದದ್ದು ಕುಡ್ಜೋನ ಒಪ್ಪಂದಕ್ಕೂ ಉಪಯೋಗಕ್ಕೆ ಬಂತು. ‘ಒಪ್ಪಂದ’ ಎಂದರೆ ಸರಿಸಮಾನರ ನಡುವಿನದು. ಕೌಲು ಮೇಲಿನವನು ಕೆಳಗಿನವನಿಗೆ ಕೊಡುವುದು. 1739ರ ಕಾಗದ ಓದಿದರೆ ಎರಡೂ ಇದೆ. ಕುಡ್ಜೋ ತನ್ನವರ ಅಪರಾಧಕ್ಕೆ ತಾನೇ ಶಿಕ್ಷೆ ಕೊಡಬಹುದು, ಮರಣದಂಡನೆ ಮಾತ್ರ ಕೂಡದು. ಇಬ್ಬರು ಬಿಳಿಯರು ಅವನ ಊರಲ್ಲೇ ಇರಬೇಕು. ನನ್ನ ಕಿವಿಗೆ ಇದು ಕೌಲಿನ ದನಿ. ಆದರೂ ‘ಒಪ್ಪಂದ’ ಎಂದೇ ಇಟ್ಟಿದ್ದೇನೆ, ಮರೂನರು ಇಂದಿಗೂ ಅದನ್ನು ಹಾಗೇ ಎಣಿಸುವುದರಿಂದ.

ಇದೇ ಲೇಖನದಲ್ಲಿ ಬ್ರೆಜಿಲಿನ ‘ಕಿಲೋಂಬೋ’, ಅಂದರೆ ಓಡಿಹೋದ ಗುಲಾಮರ ನೆಲೆ, ಬರುತ್ತದೆ. ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಲಿಲ್ಲ. ಅಂಗೋಲಾದ ಕಿಂಬುಂದು ಭಾಷೆಯಲ್ಲಿ ಅದು ದಂಡಿನ ಬಿಡಾರ, ಅಂದರೆ ನಮ್ಮ ‘ಪಾಳೆಯ’. ಪಾಳೆಯ ಹೇಗೆ ಡೇರೆಯಿಂದ ಸೀಮೆಗೆ ಬೆಳೆದು ಪಾಳೆಯಗಾರನನ್ನು ಹುಟ್ಟಿಸಿತೋ ಹಾಗೆಯೇ ಕಿಲೋಂಬೋ ಊರಾಯಿತು. ಪಾಲ್ಮಾರೆಸ್ ಎಂಬುದು ಅವುಗಳಲ್ಲಿ ದೊಡ್ಡದು. ಅದರ ಕೊನೆಯ ನಾಯಕ ಜುಂಬಿಯನ್ನು 1695ರ ನವೆಂಬರ್ 20ರಂದು ಕೊಂದರು. 1740ರಲ್ಲಿ ಪೋರ್ಚುಗಲ್ಲಿನ ಸಾಗರೋತ್ತರ ಮಂಡಳಿ ಕಿಲೋಂಬೋ ಎಂದರೇನು ಎಂದು ಬರೆದಿಟ್ಟಿತು: ಐದಕ್ಕಿಂತ ಹೆಚ್ಚು ಮಂದಿ ಓಡಿಹೋದ ಕರಿಯರು ನಿರ್ಜನ ಜಾಗದಲ್ಲಿ ಇದ್ದರೆ ಸಾಕು, ಗುಡಿಸಲು ಕಟ್ಟದಿದ್ದರೂ, ಅಲ್ಲಿ ಒರಳು ಸಿಗದಿದ್ದರೂ. ಒರಳಿನ ಮಾತು ನೋಡಿ! ಒರಳಿದ್ದಲ್ಲಿ ಧಾನ್ಯ, ಧಾನ್ಯವಿದ್ದಲ್ಲಿ ಬೆಳೆ, ಬೆಳೆಯಿದ್ದಲ್ಲಿ ಊರು. ಒರಳಿಲ್ಲದ ಆರು ಜನಕ್ಕೂ ಹೆದರಿದ ಸಾಮ್ರಾಜ್ಯ ಅದು. (ಪಾಳೆಯ, ಒರಳು ಎಂದಾಗ ಒನಕೆಯೂ ಚಿತ್ರದುರ್ಗವೂ ಕಣ್ಮುಂದೆ ಬಂದವು. ಸಂಬಂಧವಿಲ್ಲ, ಬಿಡಿ.)

‘ಗುಲಾಮ’ನ ಬಗ್ಗೆಯೂ ಎರಡು ಮಾತು. ‘ದಾಸ’ ಬಳಸಲಾರೆ, ಭಕ್ತಿ ಅದರ ಕಹಿಯನ್ನೆಲ್ಲ ಹೀರಿಬಿಟ್ಟಿದೆ. ‘ಜೀತ’ ಹತ್ತಿರದ್ದು, ಆದರೆ ‘ಜೀವಿತ’ದಿಂದ ಬಂದ ಅದು ಹಳಗನ್ನಡದಲ್ಲಿ ಸಂಬಳ, ಸಂಬಳವೇ ಸಂಕೋಲೆಯಾದ ಕತೆ ಬೇರೆ. ಕರಾವಳಿಯಲ್ಲಿ ಭೂಮಿಯ ಜೊತೆಗೇ ಕೈಬದಲಾಗುತ್ತಿದ್ದ ‘ಮೂಲದಾಳು’ ಇದ್ದರು. ಆ ಪದ ಜಮೈಕಾಕ್ಕೆ ಹಾಕಿದರೆ ಅಲ್ಲಿಯ ಸಂಗತಿಯೂ ಮಸುಕು, ಇಲ್ಲಿಯದೂ ಮಸುಕು. ಇಸ್ಪೀಟಿನ ಗುಲಾಮನೇ ಗತಿ. ಅರಬ್ಬಿಯಲ್ಲಿ ಅದರ ಮೊದಲ ಅರ್ಥ ‘ಹುಡುಗ’, ಎಷ್ಟೇ ವಯಸ್ಸಾದರೂ ಆಳನ್ನು ಹುಡುಗ ಎಂದು ಕರೆಯುವ ಚಾಳಿ ಎಲ್ಲ ಕಡೆಯದು.

ನಮ್ಮ ಸೀಮೆಯಲ್ಲೇ ಮರೂನರಿಗೆ ಹತ್ತಿರದವರಿದ್ದಾರೆ ಎಂಬುದನ್ನು ಮರೆಯಲಾಗದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ, ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಬಹಳಷ್ಟು ಜನರ ಹಿರಿಯರು ಪೋರ್ಚುಗೀಸರ ಗೋವೆಯಿಂದ ಬಿಡಿಸಿಕೊಂಡು ಘಟ್ಟ ಹತ್ತಿದವರು. ಅವರ ಹೆಸರಿನ ಬೇರು ಅರಬ್ಬಿಯ ‘ಸೈಯದಿ’, ‘ನನ್ನ ಒಡೆಯ’ ಎಂದು ಸಾಮಾನ್ಯವಾಗಿ ಹೇಳುವುದುಂಟು. ಅಲ್ಲಿ ಓಡಿದವನಿಗೆ ದನದ ಹೆಸರು, ಇಲ್ಲಿ ಒಡೆಯನ ಹೆಸರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು ನಮಗೆಲ್ಲ ಗೊತ್ತು. ಅವರಾಡುವ ಕೊಂಕಣಿಯಲ್ಲಿ, ಕನ್ನಡದಲ್ಲಿ, ಹಾಡು-ಕತೆಗಳಲ್ಲಿ ಆ ಘಟ್ಟ ಹತ್ತಿದ ಹಿರಿಯರಿಗೆ ಬೇರೆ ಪದ ಇದೆಯೇ? ಇದ್ದರೆ ನನ್ನ ಬಿಡಾಡಿಗಿಂತ ಅದಕ್ಕೆ ಹಕ್ಕು ಹೆಚ್ಚು. ದಕ್ಷಿಣ ಅಮೆರಿಕದ ಸುರಿನಾಮಿನ ಸ್ರನನ್ ಭಾಷೆಯಲ್ಲಿ ‘ಲೊವೆ’ ಅಂದರೆ ಓಡಿಹೋಗು, ‘ಲೊವೆಮನ್’ ಅಂದರೆ ಓಡಿಹೋದವನು. ಹಾಗೆ ಒಳಗಿನ ಒಂದು ಪದ ಸಿಕ್ಕರೆ ನನ್ನ ಪೇಚಾಟ ಅಲ್ಲಿಗೆ ಮುಗಿಯಿತು.

ಸದ್ಯಕ್ಕೆ ಮೊದಲ ಸಲ ಬಂದಲ್ಲಿ ‘ಮರೂನರು, ಅಂದರೆ ತೋಟ ಬಿಟ್ಟು ಗುಡ್ಡ ಸೇರಿದ ಬಿಡಾಡಿಗಳು’ ಎಂದು ಬರೆದು, ಮುಂದೆಲ್ಲ ‘ಮರೂನರು’ ಎಂದಿಟ್ಟಿದ್ದೇನೆ. ಹ್ರಸ್ವದ ‘ಬಿ’ಯನ್ನು ಬೇಕೆಂದೇ ಇಟ್ಟದ್ದು. ತಂಗಿಗೆ ಇದೂ ಹಿಡಿಸಿಲ್ಲ.

ಇನ್ನೊಂದು: ಬಳ್ಳಾರಿ, ಚಾಮರಾಜನಗರ, ಕುಂದಾಪುರದ ಕಡೆಯವರು ಹೇಳಿ, ಮೇಯಲು ಹೋಗಿ ಕಾಡು ಸೇರಿ, ಕರೆದರೂ ಬಾರದ ದನಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ‘ತುಡುಗು ದನ’ ಅಲ್ಲ, ಅದು ಬೇಲಿ ಹಾರಿ ಮೇದು ಸಂಜೆಗೆ ಮನೆಗೆ ಬರುವಂಥದ್ದು. ಬಾರದೇ ಹೋದದ್ದಕ್ಕೆ ಪದ ಬೇಕು.