ದಾವಣಗೆರೆ–ಹಿರಿಯೂರು ನಡುವೆ 65 ಲೀಟರ್ ಡೀಸೆಲ್ ಲೆಕ್ಕಕ್ಕೆ ಸಿಗುತ್ತಿಲ್ಲ: ಕಳವೋ, ಗಾಡಿಯ ದೋಷವೋ?

ದಾವಣಗೆರೆಯ ಲಾರಿ ಮಾಲೀಕ:

ಎಲ್ಲರಿಗೂ ನಮಸ್ಕಾರ. ನನ್ನದು 2021ರ, ಬಿಎಸ್–6 ಎಂಬ ಹೊಗೆ ನಿಯಂತ್ರಣದ ಮಾನದಂಡದ ಹತ್ತು ಚಕ್ರದ ಲಾರಿ. ದಾವಣಗೆರೆಯಿಂದ ನಾಮಕ್ಕಲ್‌ನ ಕೋಳಿ ಆಹಾರದ ಗಿರಣಿಗಳಿಗೆ ಮೆಕ್ಕೆಜೋಳ ಸಾಗಿಸುತ್ತೇವೆ. ಈಗಿನ ಚಾಲಕ ನಮ್ಮಲ್ಲಿ ಹನ್ನೊಂದು ವರ್ಷದಿಂದ ಇದ್ದಾನೆ. ಹಿಂದಿನ ಲಾರಿಯನ್ನೂ ಅವನೇ ಓಡಿಸುತ್ತಿದ್ದ. ಕಳೆದ ಮಂಗಳವಾರ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ತಿಳಿದವರು ದಯವಿಟ್ಟು ಸರಿಯಾದ ದಾರಿ ತೋರಿಸಬೇಕು.

ಸೋಮವಾರ ರಾತ್ರಿ ಒಂಬತ್ತೂವರೆಗೆ ನಾನು ಎದುರಿಗೇ ನಿಂತು ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿದೆ. ಬಿಲ್ಲಿನಲ್ಲಿ 242 ಲೀಟರ್ ಎಂದಿದೆ. ಟ್ಯಾಂಕಿನ ಅಳತೆ 300 ಲೀಟರ್. ಹತ್ತು ಗಂಟೆಗೆ ಹೊರಟ ಗಾಡಿ ಚಿತ್ರದುರ್ಗ ದಾಟಿ, ಹನ್ನೆರಡೂವರೆಯ ಸುಮಾರಿಗೆ ಹಿರಿಯೂರಿನ ಹತ್ತಿರ ಒಂದು ಡಾಬಾದ ಅಂಗಳದಲ್ಲಿ ನಿಂತಿತು. ಕ್ಲೀನರ್ ಆ ದಿನ ರಜೆಯಲ್ಲಿದ್ದುದರಿಂದ ಚಾಲಕ ಒಬ್ಬನೇ ಕ್ಯಾಬಿನ್ನಿನಲ್ಲಿ ಮಲಗಿದ್ದ. ಬೆಳಗಿನ ಐದು ಗಂಟೆಗೆ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿ, ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಳೆತ ಕಳೆದುಕೊಂಡು ರಸ್ತೆಯ ಬದಿಯಲ್ಲಿ ನಿಂತುಬಿಟ್ಟಿತು. ಮೆಕ್ಯಾನಿಕ್ ಬಂದಾಗ ಎಂಟೂವರೆ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆ ಎಂದು ಕೈಪಂಪ್ ಒತ್ತಿ ಏರ್ ತೆಗೆದ ಮೇಲೆ ಗಾಡಿ ಅರ್ಧ ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ನಾನು ಬಸ್ಸಿನಲ್ಲಿ ಅಲ್ಲಿಗೆ ತಲುಪುವಷ್ಟರಲ್ಲಿ ಹನ್ನೊಂದಾಗಿತ್ತು. ಅಷ್ಟರಲ್ಲಿ ಹಿಂದಿನ ಎಡಗಡೆಯ ಚಕ್ರದಿಂದ ಸುಟ್ಟ ವಾಸನೆ ಬರುತ್ತಿದೆಯೆಂದು ಚಾಲಕ ಹೇಳಿದ. ಬ್ರೇಕ್ ಕಚ್ಚಿಕೊಂಡು ಅದರ ಡ್ರಮ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ನಾಮಕ್ಕಲ್‌ನ ಗಿರಣಿಯವರು ಅಂದು ಸಂಜೆಯೊಳಗೆ ಮಾಲು ಇಳಿಯದಿದ್ದರೆ ಬಾಡಿಗೆಯಲ್ಲಿ ಕಡಿತ ಮಾಡುತ್ತೇವೆಂದು ಎರಡು ಬಾರಿ ಫೋನ್ ಮಾಡಿದ್ದರು.

ಅನುಮಾನ ಬಂದು ಟ್ಯಾಂಕಿಗೆ ಅಳತೆಯ ಕೋಲು ಇಳಿಸಿದೆ. 34 ಸೆಂಟಿಮೀಟರ್ ಒದ್ದೆಯಾಯಿತು. ನನ್ನ ಕೋಲಿನ ಪ್ರಕಾರ ಅದು 205 ಲೀಟರ್, ಅಂದರೆ 95 ಲೀಟರ್ ಖಾಲಿ. ಓಡಿದ್ದು ಸುಮಾರು 100 ಕಿಲೋಮೀಟರ್. ಲೋಡ್ ಇದ್ದಾಗ ನಮ್ಮ ಗಾಡಿ ಲೀಟರಿಗೆ ನಾಲ್ಕು ಕೊಡುತ್ತದೆ. ಊರೊಳಗಿನ ಓಡಾಟ ಸೇರಿಸಿದರೂ 30 ಲೀಟರ್ ಸಾಕು. ಉಳಿದ 65 ಲೀಟರ್ ಎಲ್ಲಿ ಹೋಯಿತು? ಇಂದಿನ ದರದಲ್ಲಿ ಅದು ಆರು ಸಾವಿರ ರೂಪಾಯಿಯ ಮಾತು.

ಟ್ಯಾಂಕಿನ ಮುಚ್ಚಳದ ಬೀಗ ಹಾಗೆಯೇ ಇತ್ತು. ಕೀಲಿ ಚಾಲಕನ ಬಳಿ ಇತ್ತು. ಆ ಸಿಟ್ಟಿನಲ್ಲಿ ನಾನು ಅವನನ್ನು, “ಎಷ್ಟಕ್ಕೆ ಮಾರಿದೆ?” ಎಂದು ಮೆಕ್ಯಾನಿಕ್ ಮುಂದೆಯೇ ಕೇಳಿಬಿಟ್ಟೆ. ಅವನು ಉತ್ತರ ಕೊಡಲಿಲ್ಲ. ಕೀಲಿಯ ಗೊಂಚಲನ್ನು ಬಂಪರಿನ ಮೇಲಿಟ್ಟು ಆಚೆ ಹೋಗಿ ನಿಂತ. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಅವನು ಕದ್ದಿದ್ದರೆ ನನಗೆ ಗೊತ್ತಾಗಬೇಕು, ಕದ್ದಿಲ್ಲವೆಂದಾದರೆ ಅದು ಇನ್ನೂ ಖಚಿತವಾಗಿ ಗೊತ್ತಾಗಬೇಕು. ಊಹೆಯ ಮೇಲೆ ಒಬ್ಬನ ಹೊಟ್ಟೆಯ ಮೇಲೆ ಹೊಡೆಯಲು ನನಗೆ ಮನಸ್ಸಿಲ್ಲ.

ಚಿತ್ರದುರ್ಗದ ಮೆಕ್ಯಾನಿಕ್:

ಮಾಲೀಕರೇ, ನೀವು ಗಾಡಿ ನಿಂತದ್ದನ್ನೂ ಡೀಸೆಲ್ ಹೋದದ್ದನ್ನೂ ಬೇರೆ ಬೇರೆ ಸಂಗತಿ ಎಂಬಂತೆ ಬರೆದಿದ್ದೀರಿ. ನನಗೆ ಅವೆರಡೂ ಒಂದೇ ಸಂಗತಿಯಂತೆ ಕಾಣುತ್ತಿದೆ.

ಟ್ಯಾಂಕಿನಲ್ಲಿ 200 ಲೀಟರ್ ಡೀಸೆಲ್ ಇರುವಾಗ ಸುಮ್ಮಸುಮ್ಮನೆ ಏರ್ ಹಿಡಿಯುವುದಿಲ್ಲ. ಟ್ಯಾಂಕಿನಿಂದ ನೀರು ಬೇರ್ಪಡಿಸುವ ಫಿಲ್ಟರಿನವರೆಗೆ ಬರುವ ಪೈಪಿನಲ್ಲಿ ಎಂಜಿನ್ ಡೀಸೆಲನ್ನು ಎಳೆದುಕೊಳ್ಳುತ್ತಿರುತ್ತದೆ. ಆ ಭಾಗದ ಯಾವುದಾದರೂ ನಟ್ಟು ಅರ್ಧ ಸುತ್ತು ಸಡಿಲವಾದರೂ ಹೊರಗೆ ಒಂದು ಹನಿ ಡೀಸೆಲ್ ಕಾಣಿಸದೆಯೇ ಒಳಗೆ ಗಾಳಿ ಸೇರಿಕೊಳ್ಳುತ್ತದೆ. ಫಿಲ್ಟರಿನಲ್ಲಿ ಉಳಿದಿರುವ ಡೀಸೆಲಿನಲ್ಲಿ ಗಾಡಿ ಸ್ಟಾರ್ಟ್ ಆಗಿ, ಒಂದೆರಡು ಕಿಲೋಮೀಟರ್ ಹೋಗಿ, ನಿಮ್ಮ ಗಾಡಿ ನಿಂತ ಹಾಗೆಯೇ ನಿಲ್ಲುತ್ತದೆ. ಕೈಪಂಪ್ ಒತ್ತಿ ಏರ್ ತೆಗೆದರೆ ಮತ್ತೆ ಸ್ವಲ್ಪ ದೂರ ಹೋಗುತ್ತದೆ, ಏಕೆಂದರೆ ಸಡಿಲವಾದ ಜಾಗ ಹಾಗೆಯೇ ಉಳಿದಿರುತ್ತದೆ.

ಆ ನಟ್ಟನ್ನು ಸಡಿಲಿಸಿದವರು ಯಾರು ಎಂಬುದೇ ಈಗ ಪ್ರಶ್ನೆ. ಬೀಗ ಹಾಕಿದ ಟ್ಯಾಂಕಿನಿಂದ ಡೀಸೆಲ್ ತೆಗೆಯುವವರು ಮುಚ್ಚಳದ ಗೊಡವೆಗೆ ಹೋಗುವುದೇ ಇಲ್ಲ. ಈ ಪೈಪನ್ನು ಫಿಲ್ಟರಿನ ಬಳಿ ಬಿಚ್ಚಿ ಕ್ಯಾನಿನೊಳಗೆ ತಗ್ಗಿಸಿದರೆ ಸಾಕು. ಪೈಪು ಮೊದಲೇ ತುಂಬಿರುವುದರಿಂದ ಬಾಯಿಂದ ಎಳೆಯುವ ಅಗತ್ಯವೂ ಇಲ್ಲದೆ ಡೀಸೆಲ್ ತಾನಾಗಿ ಇಳಿಯುತ್ತದೆ. ಎರಡು ಕ್ಯಾನು ತುಂಬಲು ಅರ್ಧ ಗಂಟೆಯೂ ಬೇಡ. ಕತ್ತಲಲ್ಲಿ ತಿರುಗಿ ಜೋಡಿಸುವಾಗ ವಾಷರ್ ಸರಿಯಾಗಿ ಕೂರುವುದಿಲ್ಲ. ಇದಲ್ಲದೆ ಎಂಜಿನ್ನಿನಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪನ್ನು ಬಿಚ್ಚುವವರೂ ಇದ್ದಾರೆ. ಆದರೆ ಅದಕ್ಕೆ ಎಂಜಿನ್ ಓಡುತ್ತಿರಬೇಕು, ಮತ್ತು ಅದರಿಂದ ಹೀಗೆ ಏರ್ ಹಿಡಿಯುವುದಿಲ್ಲ.

ನಟ್ಟಿನ ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ. ಹಳೆಯ ನಟ್ಟಿನ ಮೇಲೆ ಧೂಳು, ಎಣ್ಣೆ ಸೇರಿ ಕಪ್ಪು ಪದರ ಕಟ್ಟಿರುತ್ತದೆ. ಸ್ಪ್ಯಾನರ್ ತಾಗಿದ್ದರೆ ಅಲ್ಲಿ ಬಿಳಿಯ ಗೆರೆ ಹೊಳೆಯುತ್ತದೆ. ನಿಮ್ಮ ಮೆಕ್ಯಾನಿಕ್ ಅಲ್ಲಿ ಸ್ಪ್ಯಾನರ್ ಹಾಕುವ ಮೊದಲೇ ಆ ಗೆರೆ ಇತ್ತೇ ಎಂದು ಅವರನ್ನೇ ಕೇಳಿ ತಿಳಿಯಿರಿ. ಬ್ರೇಕ್ ಕಚ್ಚಿಕೊಂಡದ್ದು ಬೇರೆ ದೋಷ. ಅದರಿಂದಲೂ ಡೀಸೆಲ್ ಹೆಚ್ಚು ಕುಡಿಯುತ್ತದೆ, ಆದರೆ ನೂರು ಕಿಲೋಮೀಟರಿನಲ್ಲಿ 65 ಲೀಟರ್ ಕುಡಿಯುವುದಿಲ್ಲ.

ಹರಿಹರ, ಪೆಟ್ರೋಲ್ ಬಂಕಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವನು:

ಮೊದಲು ಬಂಕಿನ ಮೇಲಿನ ಅನುಮಾನವನ್ನು ತೀರಿಸಿಕೊಳ್ಳೋಣ. ಟ್ಯಾಂಕ್ ಕುತ್ತಿಗೆಯವರೆಗೆ ತುಂಬಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಿ. ಹೀಗಿರುವಾಗ ಮೀಟರ್ ಎಷ್ಟು ತೋರಿಸಿತು ಎಂಬುದು ನಿಮ್ಮ ದುಡ್ಡಿನ ಪ್ರಶ್ನೆಯೇ ಹೊರತು ಮರುದಿನ ಟ್ಯಾಂಕಿನಲ್ಲಿ ಎಷ್ಟು ಉಳಿಯಿತು ಎಂಬುದರ ಪ್ರಶ್ನೆಯಲ್ಲ. ಆದರೂ ಅನುಮಾನವಿದ್ದರೆ, ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ ಐದು ಲೀಟರಿನ ಅಳತೆಯ ಪಾತ್ರೆ ಇರುತ್ತದೆ. ಕೇಳಿದ ಗ್ರಾಹಕನಿಗೆ ಅಳೆದು ತೋರಿಸಲೇಬೇಕು. ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚು ಕಡಿಮೆ ಮಾತ್ರ ಒಪ್ಪಿತ. ಆ ಲೆಕ್ಕದಲ್ಲಿ 242 ಲೀಟರಿಗೆ ಸುಮಾರು ಒಂದೂಕಾಲು ಲೀಟರ್ ವ್ಯತ್ಯಾಸ ಬರಬಹುದು, ಅಷ್ಟೇ.

ನನಗೆ ಅನುಮಾನವಿರುವುದು ನಿಮ್ಮ ಕೋಲಿನ ಮೇಲೆ. ಗಾಡಿ ರಸ್ತೆಯ ಬದಿಯಲ್ಲಿ ನಿಂತಿತ್ತು ಎಂದಿರಿ. ಆ ಜಾಗ ಸಮತಟ್ಟಾಗಿತ್ತೇ? ಟ್ಯಾಂಕಿನ ಉದ್ದ 110 ಸೆಂಟಿಮೀಟರ್, ಅಗಲ 55 ಇರಬಹುದೆಂದು ಹಿಡಿದರೆ ಒಂದು ಸೆಂಟಿಮೀಟರ್ ಎತ್ತರ ಎಂದರೆ ಸುಮಾರು ಆರು ಲೀಟರ್. ಕುತ್ತಿಗೆ ಸಾಮಾನ್ಯವಾಗಿ ಟ್ಯಾಂಕಿನ ಒಂದು ತುದಿಯಲ್ಲಿರುತ್ತದೆ, ನಡುವಿನಲ್ಲಿರುವುದಿಲ್ಲ. ಕುತ್ತಿಗೆಯ ತುದಿ ಮೇಲಾಗಿ ಗಾಡಿ ಇಪ್ಪತ್ತಕ್ಕೆ ಒಂದರಂತೆ ಇಳಿಜಾರಿನಲ್ಲಿ ನಿಂತಿದ್ದರೆ ಕೋಲು ಎರಡು ಸೆಂಟಿಮೀಟರ್ ಕಡಿಮೆ ತೋರಿಸುತ್ತದೆ, ಅಂದರೆ 12 ಲೀಟರ್ ಅಲ್ಲಿಯೇ ಇದ್ದೂ ಲೆಕ್ಕಕ್ಕೆ ಸಿಗುವುದಿಲ್ಲ. ರಾತ್ರಿಯ ತಂಪಿಗೆ ಡೀಸೆಲ್ ಕುಗ್ಗುವುದೂ ಉಂಟು. ಹತ್ತು ಡಿಗ್ರಿ ಇಳಿದರೆ 300 ಲೀಟರಿಗೆ ಎರಡೂವರೆ ಲೀಟರಿನಷ್ಟು. ಲಾರಿ ತೂಗುವ ವೇಬ್ರಿಜ್‌ನ ತಟ್ಟೆಯಂತಹ ಸಮನಾದ ಜಾಗದಲ್ಲಿ ನಿಲ್ಲಿಸಿ ಅಳೆದ ಲೆಕ್ಕವನ್ನು ಮಾತ್ರ ನಂಬಿ.

ಇನ್ನೊಂದು ಮಾತು. ಹನ್ನೊಂದು ವರ್ಷದ ಹಳಬ ಎಂಬುದೇ ಸಾಕ್ಷಿಯಲ್ಲ. ಹಳಬರೇ ಪ್ರತಿ ಟ್ರಿಪ್ಪಿಗೆ ಹತ್ತು ಹತ್ತು ಲೀಟರ್ ಇಳಿಸಿದ್ದನ್ನು ನಾನು ಬಂಕಿನಲ್ಲಿದ್ದಾಗ ನೋಡಿದ್ದೇನೆ.

ಚಳ್ಳಕೆರೆಯ ಚಾಲಕ:

ಮಾಲೀಕರಿಗೆ ನಮಸ್ಕಾರ. ನಾನು ಇಪ್ಪತ್ತೆರಡು ವರ್ಷದಿಂದ ಸ್ಟಿಯರಿಂಗ್ ಹಿಡಿದವನು, ಆದ್ದರಿಂದ ಚಾಲಕನ ಕಡೆಯಿಂದ ಬರೆಯುತ್ತೇನೆ. ಹರಿಹರದವರು ಹೇಳಿದಂಥ ಚಾಲಕರು ಇದ್ದಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಗಾಡಿ ದಾರಿಯಲ್ಲಿ ನಿಲ್ಲುವಂತೆ ಕದಿಯುವುದಿಲ್ಲ. ಲೋಡ್ ತುಂಬಿದ ಗಾಡಿಯನ್ನು ಬೆಳಗಿನ ಜಾವ ಹೆದ್ದಾರಿಯ ಬದಿಯಲ್ಲಿ ನಿಲ್ಲಿಸಿಕೊಂಡು, ಹಿಂದಿನಿಂದ ಬರುವ ಗಾಡಿಗಳಿಗೆ ಕಲ್ಲು, ಸೊಪ್ಪು ಇಟ್ಟು ಎಚ್ಚರಿಸುತ್ತ ಆರು ಗಂಟೆ ಕಾಯುವ ಕಷ್ಟವನ್ನು ಯಾವ ಚಾಲಕನೂ ತಾನಾಗಿ ತಂದುಕೊಳ್ಳುವುದಿಲ್ಲ. ಕೀಲಿ ಅವನ ಬಳಿಯೇ ಇತ್ತಲ್ಲವೇ? ಕೀಲಿ ಇರುವವನು ಮುಚ್ಚಳ ತೆಗೆದು ಪೈಪು ಇಳಿಸುತ್ತಾನೆ. ಫಿಲ್ಟರಿನ ನಟ್ಟು ಬಿಚ್ಚುವ ಕೆಲಸ ಕೀಲಿ ಇಲ್ಲದವನದು.

ದಣಿದು ಮಲಗಿದವನಿಗೆ ಟ್ಯಾಂಕಿನ ಬಳಿಯ ಸದ್ದು ಕೇಳಿಸುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಗಾಡಿಯ ಎಂಜಿನ್ ಓಡುತ್ತಿದ್ದರೆ ಕ್ಯಾಬಿನ್ನಿನ ಬಾಗಿಲು ಬಡಿದರೂ ಎಚ್ಚರವಾಗುವುದಿಲ್ಲ. ಟ್ಯಾಂಕ್ ಇರುವ ಬದಿ ಬೆಳಕಿನ ಕಡೆಗಿತ್ತೋ ಬೇಲಿಯ ಕಡೆಗಿತ್ತೋ ಎಂದು ಅವನನ್ನು ಕೇಳಿ. ರಾತ್ರಿ ಸೆಖೆಗೆ ಫ್ಯಾನ್ ಹಾಕಿಕೊಳ್ಳಲು ಎಂಜಿನ್ ಎಷ್ಟು ಹೊತ್ತು ಓಡಿಸಿದ ಎಂದೂ ಕೇಳಿ. ನಿಂತಲ್ಲೇ ಓಡುವ ಎಂಜಿನ್ ಗಂಟೆಗೆ ಎರಡು ಲೀಟರಿನ ಆಸುಪಾಸು ಕುಡಿಯುತ್ತದೆ. ಬಯ್ಗುಳ ಸಿಗುತ್ತದೆಂಬ ಭಯಕ್ಕೆ ಎಷ್ಟೋ ಜನ ಅದನ್ನು ಮುಚ್ಚಿಡುತ್ತಾರೆ.

ನಿಮ್ಮದು ಬಿಎಸ್–6 ಗಾಡಿಯಾದ್ದರಿಂದ ಚಾಲಕನ ಪ್ರಾಮಾಣಿಕತೆಯನ್ನು ಅಳೆಯಲು ಇನ್ನೊಂದು ದಾರಿ ಇದೆ. ಅದು ಯೂರಿಯಾ, ಹೊಗೆಯ ವಿಷ ತಗ್ಗಿಸಲು ಬೇರೆ ಟ್ಯಾಂಕಿಗೆ ಹಾಕುವ, ಬಿಲ್ಲಿನಲ್ಲಿ ಡಿಇಎಫ್ ಎಂದು ಬರೆಯುವ ದ್ರವ. ಅದು ಎಂಜಿನ್ನಿನಲ್ಲಿ ಉರಿದ ಡೀಸೆಲಿಗೆ ತಕ್ಕಂತೆ ಖರ್ಚಾಗುತ್ತದೆ, ಸಾಮಾನ್ಯವಾಗಿ ನೂರು ಲೀಟರ್ ಡೀಸೆಲಿಗೆ ಐದು ಲೀಟರಿನ ಹತ್ತಿರ. ಬ್ರೇಕ್ ಕಚ್ಚಿ ಡೀಸೆಲ್ ಹೆಚ್ಚು ಉರಿದರೆ ಯೂರಿಯಾವೂ ಹೆಚ್ಚು ಹೋಗುತ್ತದೆ. ಕ್ಯಾನಿಗೆ ಇಳಿದ ಡೀಸೆಲಿಗೆ ಒಂದು ತೊಟ್ಟು ಯೂರಿಯಾವೂ ಖರ್ಚಾಗುವುದಿಲ್ಲ. ಒಂದು ರಾತ್ರಿಯ ಲೆಕ್ಕಕ್ಕೆ ಇದು ಉಪಯೋಗವಿಲ್ಲ, ಆದರೆ ನಾಲ್ಕು ತಿಂಗಳ ಡೀಸೆಲ್ ಬಿಲ್ಲನ್ನೂ ಯೂರಿಯಾ ಬಕೆಟಿನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ಟ್ರಿಪ್ಪಿಗೂ ಹೆಚ್ಚಾಗಿ ಇಳಿಸುವವನಾದರೆ ಬಕೆಟುಗಳ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತಾನೆ.

ಮುಂದೆ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಲು ಅವನಿಗೆ ಹೇಳಿ.

ದಾವಣಗೆರೆಯ ಲಾರಿ ಮಾಲೀಕ:

ಉತ್ತರಿಸಿದ ಮೂವರಿಗೂ ನಾನು ಋಣಿ. ಗಾಡಿ ನಾಮಕ್ಕಲ್‌ನಿಂದ ಮರಳಿದ ಮೇಲೆ ನೀವು ಹೇಳಿದ ಒಂದೊಂದನ್ನೂ ಮಾಡಿ ನೋಡಿದೆ.

ಹಿರಿಯೂರಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಎರಡನೆಯ ಬಾರಿ ಏರ್ ತೆಗೆದ ಮೇಲೆ ಫಿಲ್ಟರಿಗೆ ಬರುವ ಪೈಪಿನ ನಟ್ಟು ಕೈಯಲ್ಲೇ ತಿರುಗುವಷ್ಟು ಸಡಿಲವಾಗಿದ್ದುದು ಕಂಡಿತೆಂದೂ, ತಾವು ಸ್ಪ್ಯಾನರ್ ಹಾಕುವ ಮೊದಲೇ ಅದರ ಎರಡು ಮೂಲೆಗಳು ಹೊಸದಾಗಿ ಸವೆದಿದ್ದವೆಂದೂ ಅವರು ಹೇಳಿದರು. ನಾನು ಅಲ್ಲಿ ಕೂಗಾಡುತ್ತಿದ್ದುದರಿಂದ ಆಗ ಹೇಳಲು ಹೋಗಲಿಲ್ಲವಂತೆ.

ಗಾಡಿ ನಿಂತಿದ್ದ ಜಾಗ ಇಳಿಜಾರೇ ಆಗಿತ್ತು. ಅಂದು ಚಾಲಕ ತೆಗೆದ ಫೋಟೋದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟದ್ದು ಕಾಣುತ್ತದೆ. ಕುತ್ತಿಗೆಯ ತುದಿ ಮೇಲಿದೆ. ಇಲ್ಲಿ ವೇಬ್ರಿಜ್‌ನ ತಟ್ಟೆಯ ಮೇಲೆ ಒಮ್ಮೆ, ಆಮೇಲೆ ಅಷ್ಟೇ ಇಳಿಜಾರಿನ ಜಾಗದಲ್ಲಿ ಇನ್ನೊಮ್ಮೆ ಅಳೆದಾಗ ಕೋಲಿನಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸ ಬಂತು. ಆದ್ದರಿಂದ ಅಂದು ಟ್ಯಾಂಕಿನಲ್ಲಿದ್ದದ್ದು 205 ಅಲ್ಲ, 217 ಲೀಟರ್. ಮಲಗುವ ಮೊದಲು ಎರಡು ಗಂಟೆ ಎಂಜಿನ್ ಓಡಿಸಿದ್ದೆನೆಂದು ಚಾಲಕ ಒಪ್ಪಿಕೊಂಡ. ಅದಕ್ಕೆ ನಾಲ್ಕು ಲೀಟರ್ ಹಿಡಿದೆ. ಕಚ್ಚಿಕೊಂಡ ಬ್ರೇಕಿಗೆ ಇನ್ನೊಂದು ನಾಲ್ಕು. ಉಳಿದ 45 ಲೀಟರ್ ಕಳವಾಗಿದೆ ಎಂಬುದರಲ್ಲಿ ನನಗೆ ಈಗ ಸಂಶಯವಿಲ್ಲ. ಟ್ಯಾಂಕಿನ ಬದಿ ಬೇಲಿಯ ಕಡೆಗಿತ್ತು.

ಇನ್ನು ಯೂರಿಯಾದ ಲೆಕ್ಕ. ಗಾಡಿ ಹೊಸದಾಗಿದ್ದಾಗ ನಾಲ್ಕು ತಿಂಗಳು ನಾನೇ ಪ್ರತಿ ಟ್ರಿಪ್ಪಿಗೂ ಜೊತೆಯಲ್ಲಿ ಹೋಗುತ್ತಿದ್ದೆ. ಆಗಿನ ಡೀಸೆಲ್ 8,960 ಲೀಟರ್, ಯೂರಿಯಾ 20 ಲೀಟರಿನ 22 ಬಕೆಟ್. ಈಚಿನ ನಾಲ್ಕು ತಿಂಗಳಲ್ಲಿ ಅವನೇ ಹೋಗಿಬಂದಾಗಿನ ಡೀಸೆಲ್ 9,420 ಲೀಟರ್, ಯೂರಿಯಾ 23 ಬಕೆಟ್. ಎರಡೂ ನೂರಕ್ಕೆ 4.9ರ ಸುತ್ತಲೇ ನಿಲ್ಲುತ್ತವೆ. ಟ್ರಿಪ್ಪಿಗೆ 50 ಲೀಟರಿನಂತೆ ತಿಂಗಳಿಗೆ ಎಂಟು ಟ್ರಿಪ್ಪಿನಲ್ಲಿ ಅವನು ಇಳಿಸುತ್ತಿದ್ದರೆ ಈಗ 19 ಬಕೆಟ್ ಮಾತ್ರ ಮುಗಿಯಬೇಕಾಗಿತ್ತು. ಟ್ರಿಪ್ಪಿಗೆ ಹತ್ತೇ ಲೀಟರ್ ಎಂದರೆ ಮುಕ್ಕಾಲು ಬಕೆಟಿನ ವ್ಯತ್ಯಾಸವಷ್ಟೇ. ಹರಿಹರದವರು ಹೇಳಿದಂಥ ಸಣ್ಣ ಕಳವನ್ನು ಈ ಲೆಕ್ಕ ಪೂರ್ತಿ ತಳ್ಳಿಹಾಕುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಹನ್ನೊಂದು ವರ್ಷದವನನ್ನು ಅನುಮಾನಿಸಲು ನನ್ನ ಬಳಿ ಇನ್ನು ಯಾವ ಕಾರಣವೂ ಉಳಿದಿಲ್ಲ.

ನಿನ್ನೆ ಸಂಜೆ ಅವನ ಮನೆಗೆ ಹೋಗಿ, ಅವನ ಹೆಂಡತಿಯ ಎದುರಿಗೇ, ಮೆಕ್ಯಾನಿಕ್ ಮುಂದೆ ಆಡಿದ ಮಾತಿಗೆ ತಪ್ಪೊಪ್ಪಿಕೊಂಡೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಯಜಮಾನ್ರೇ, ಕೇಳಿದ್ದಕ್ಕೆ ಬೇಜಾರಿಲ್ಲ, ಮಂದಿ ಮುಂದೆ ಕೇಳಿದ್ರಲ್ಲ” ಎಂದ. ಇಂದು ಬೆಳಿಗ್ಗೆ ಬ್ರೇಕಿನ ಲೈನರ್ ಬದಲಿಸಿದೆವು. ಟ್ಯಾಂಕಿನಿಂದ ಫಿಲ್ಟರಿನವರೆಗಿನ ಪ್ರತಿ ನಟ್ಟಿನ ಮೇಲೂ ಪೈಪಿನ ಮೇಲೂ ಸೇರುವಂತೆ ಅವನೇ ಹಳದಿ ಬಣ್ಣದ ಒಂದು ಗೆರೆ ಎಳೆದ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗುತ್ತದೆ. ರಾತ್ರಿ ಲೋಡ್ ಇದೆ. ನಿಲ್ಲುವ ಮೊದಲೊಮ್ಮೆ, ಹೊರಡುವ ಮೊದಲೊಮ್ಮೆ ಆ ಗೆರೆಗಳ ಫೋಟೋ ಕಳುಹಿಸುತ್ತೇನೆಂದು ಹೇಳಿದ್ದಾನೆ.