ಹದಿನೈದರ ಮಕ್ಕಳಿಗೆ ಇಷ್ಟು ನೈಜವಾದ ಅಣಕು ಕಾರ್ಯಾಚರಣೆ ಬೇಕೇ?

ಸಿಡ್ನಿಯ ಅಮ್ಮ: ನನ್ನ ಮಗಳಿಗೆ 15 ವರ್ಷ. ಇಲ್ಲಿನ ಕಡಲತೀರದ ಕ್ಲಬ್ಬೊಂದರಲ್ಲಿ ಸ್ವಯಂಸೇವಕ ಜೀವರಕ್ಷಕಿಯಾಗಲು ಬ್ರಾಂಜ್ ಮೆಡಾಲಿಯನ್ ತರಬೇತಿ ಪಡೆಯುತ್ತಿದ್ದಾಳೆ. ಕಳೆದ ಭಾನುವಾರ ಮೊದಲೇ ತಿಳಿಸದೆ ಅಣಕು ಕಾರ್ಯಾಚರಣೆ ನಡೆಸಿದರು. ನೀರಿನಲ್ಲಿ ಮೂವರು ಮುಳುಗುವವರು. ದಡದಲ್ಲಿ ಒಬ್ಬಾಕೆ ‘ನನ್ನ ಮಗ, ನನ್ನ ಮಗ’ ಎಂದು ಅಳುತ್ತಾ ಇವಳ ತೋಳು ಹಿಡಿದು ಜಗ್ಗುತ್ತಿದ್ದಳಂತೆ. ಇವಳು ಜೋರಾಗಿ ಕೂಗುತ್ತಿದ್ದವನ ಕಡೆಗೆ ಈಜಿದಳು. ಸದ್ದಿಲ್ಲದೆ ತೇಲುತ್ತಿದ್ದ ಹುಡುಗನನ್ನು ತರಬೇತುದಾರರು ‘ಸತ್ತ’ ಎಂದು ಘೋಷಿಸಿಬಿಟ್ಟರು. ಮನೆಗೆ ಬಂದವಳು ಸಾರನ್ನ ಕಲಸಿ, ಒಂದು ತುತ್ತೂ ತಿನ್ನದೆ ಎದ್ದಳು. ಈಜು ಕಲಿಸಲಿ, ಸಾವಿನ ನಾಟಕ ಏಕೆ?

ಭಾನುವಾರದ ತರಬೇತುದಾರ: ಅಕ್ಕ, ನಾನು ಬೇರೊಂದು ಕ್ಲಬ್ಬಿನವನು, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಈಜುಕೊಳದಲ್ಲಿ 400 ಮೀಟರನ್ನು 9 ನಿಮಿಷದೊಳಗೆ ಮುಗಿಸಿದರೆ ಈಜು ಬರುತ್ತದೆ ಎಂದಷ್ಟೇ ಗೊತ್ತಾಗುತ್ತದೆ. ಕೂಗುವವನಿಗೆ ಇನ್ನೂ ಉಸಿರಿದೆ. ನಿಜವಾಗಿ ಮುಳುಗುತ್ತಿರುವವನಿಗೆ ಎಷ್ಟೋ ಸಲ ಕೂಗಲೂ ಆಗುವುದಿಲ್ಲ, ಕೈ ಎತ್ತಲೂ ಆಗುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಹತ್ತು ಸಲ ಹೇಳಿದ್ದೇನೆ. ಆದರೂ ನೀರಿಗಿಳಿದ ಕೂಡಲೇ ಮಕ್ಕಳು ಸದ್ದಿನ ಹಿಂದೆಯೇ ಹೋಗುತ್ತಾರೆ.

ಬಾಂಡೈ ಹತ್ತಿರದ ಹಿರಿಯ: 1938ರ ಫೆಬ್ರವರಿ 6ರಂದು ಸಿಡ್ನಿಯ ಬಾಂಡೈ ಕಡಲತೀರದಲ್ಲಿ ಸಾಲು ಸಾಲು ದೊಡ್ಡ ಅಲೆಗಳು ನೂರಾರು ಜನರನ್ನು ಒಳಗೆಳೆದವು. ಐವರು ತೀರಿಕೊಂಡರು, ಸುಮಾರು 250 ಮಂದಿಯನ್ನು ದಡಕ್ಕೆ ತಂದರು. ತಂದವರು ಇಂತಹ ಸ್ವಯಂಸೇವಕರೇ. ರೀಲಿಗೆ ಸುತ್ತಿದ ಹಗ್ಗವನ್ನು ಮೈಗೆ ಕಟ್ಟಿಕೊಂಡು ಒಬ್ಬ ಈಜಿಹೋಗುವುದು, ದಡದಲ್ಲಿದ್ದವರು ಎಳೆದು ತರುವುದು, ಈ ಕವಾಯತು ಅವರಿಗೆ ರಕ್ತಗತವಾಗಿತ್ತು. ಶಿಸ್ತು ಸಾಕು, ಮಗುವನ್ನು ಬೆದರಿಸಬೇಕಾಗಿಲ್ಲ.

ಭಾನುವಾರದ ತರಬೇತುದಾರ: ಸರ್, ಅದೇ ದಿನ ಗಾಬರಿಗೊಂಡ ಜನ ಆ ಹಗ್ಗಕ್ಕೇ ಜೋತುಬಿದ್ದರು. ಕವಾಯತಿನಲ್ಲಿ ಯಾರೂ ಹಾಗೆ ಜೋತುಬೀಳುವುದಿಲ್ಲ.

ಮೆಲ್ಬರ್ನ್ ನರ್ಸ್: ನನ್ನ ಪಕ್ಷ ನೈಜತೆಯದೇ. ಉಸಿರು ನಿಂತವರಿಗೆ 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡುವುದನ್ನು ಒಣ ಗೊಂಬೆಯ ಮೇಲೆ ಯಾರು ಬೇಕಾದರೂ ಮಾಡುತ್ತಾರೆ. ನೀರು ಕುಡಿದವರು ಬಹಳ ಸಲ ವಾಂತಿ ಮಾಡಿಕೊಳ್ಳುತ್ತಾರೆ. ನಾವು ಗೊಂಬೆಯ ಬಾಯಿಗೆ ನೀರಾದ ಓಟ್ಸ್ ಗಂಜಿ ತುಂಬಿಡುತ್ತೇವೆ. ಮೊದಲ ಸಲ ಪ್ರತಿ ಮಗುವಿನ ಕೈಯೂ ನಿಲ್ಲುತ್ತದೆ. ಎರಡನೆಯ ಸಲ ತಲೆ ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ಮುಂದುವರಿಯುತ್ತಾರೆ. ಆದರೆ ತರಬೇತುದಾರರೇ, ಒಂದು ಮಾತು ನೇರವಾಗಿ ಕೇಳುತ್ತೇನೆ: ಆಮೇಲೆ ಆ ಮಕ್ಕಳನ್ನು ಕೂರಿಸಿಕೊಂಡು ಮಾತನಾಡಬೇಕಲ್ಲವೇ? ‘ಸತ್ತ’ ಎಂದು ಹೇಳಿ ಮನೆಗೆ ಕಳುಹಿಸುವುದು ತರಬೇತಿಯಲ್ಲ, ಕ್ರೌರ್ಯ.

ಭಾನುವಾರದ ತರಬೇತುದಾರ: ಖಂಡಿತ ಮಾತನಾಡಬೇಕು. ನಮ್ಮಲ್ಲಿ ಅದಕ್ಕೆ ಅರ್ಧ ಗಂಟೆ ಮೀಸಲು. ‘ನಿಲ್ಲಿಸಿ’ ಎಂದು ಯಾವ ಮಗು ಹೇಳಿದರೂ ಅಲ್ಲಿಗೇ ನಿಲ್ಲಿಸುತ್ತೇವೆ. ಅದನ್ನು ಬಿಟ್ಟಿದ್ದರೆ ಆ ಕ್ಲಬ್ಬಿನದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಸಿಡ್ನಿಯ ಅಮ್ಮ: ಯಾರೂ ಕೂರಿಸಿಕೊಂಡು ಮಾತನಾಡಲಿಲ್ಲ. ಅದನ್ನೇ ಕ್ಲಬ್ಬಿಗೆ ಬರೆಯುತ್ತಿದ್ದೇನೆ. ಅಭ್ಯಾಸವನ್ನೇ ನಿಲ್ಲಿಸಿ ಎಂದು ಬರೆಯುವುದಿಲ್ಲ. ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಮೂರು ಲೋಟ ಇಟ್ಟು, ಯಾರು ಎಲ್ಲಿದ್ದರು ಎಂದು ಮಗಳೇ ತೋರಿಸಿದಳು. ಸದ್ದಿಲ್ಲದ ಹುಡುಗನ ಲೋಟ ಅವಳಿಗೆ ತೀರಾ ಹತ್ತಿರದಲ್ಲಿತ್ತು.